4,000 ಜನರ ಲಿಸ್ಟ್‌ನಲ್ಲಿ ಸಬ್ಜೆಕ್ಟ್ ಲೈನ್ ಟೆಸ್ಟ್: ಗೆದ್ದ ಸಾಲನ್ನು ನಂಬಬಹುದಾ?

ಪ್ರಶ್ನೆ

ವಾರಕ್ಕೊಂದು ನ್ಯೂಸ್‌ಲೆಟರ್, ಚಂದಾದಾರರು ಸುಮಾರು 4,000. ಮೇಲ್ ಕಳಿಸುವ ಸರ್ವಿಸ್‌ನಲ್ಲೇ ಎ/ಬಿ ಟೆಸ್ಟ್ ಸೌಲಭ್ಯ ಇದೆ. ಶೇ 10 ಜನಕ್ಕೆ ಒಂದು ಸಬ್ಜೆಕ್ಟ್ ಲೈನ್, ಇನ್ನೊಂದು ಶೇ 10ಕ್ಕೆ ಮತ್ತೊಂದು ಹೋಗುತ್ತದೆ. ಎರಡು ಗಂಟೆ ಬಿಟ್ಟು, ಹೆಚ್ಚು ಓಪನ್ ಆದದ್ದು ಉಳಿದ ಶೇ 80 ಜನಕ್ಕೆ ತಾನಾಗಿಯೇ ಹೋಗುತ್ತದೆ. ಕಳೆದ ಸಂಚಿಕೆಯಲ್ಲಿ ಎ 88 ಓಪನ್ (ಶೇ 22), ಬಿ 76 (ಶೇ 19). ಎ ಪ್ರಶ್ನೆಯ ರೂಪದ್ದು, ಬಿ ನೇರವಾಗಿ ವಿಷಯ ಹೇಳುವಂಥದ್ದು. ಅದರ ಹಿಂದಿನ ವಾರ ಇದೇ ಉಲ್ಟಾ ಆಗಿತ್ತು. ಯಾವುದನ್ನು ನಂಬೋದು? ಇಮೋಜಿ, ಓದುಗರ ಹೆಸರು, ಅಂಕಿ, ಇವುಗಳಲ್ಲಿ ಯಾವುದರಿಂದ ಟೆಸ್ಟ್ ಶುರು ಮಾಡಿದರೆ ಒಳ್ಳೆಯದು?

ಉತ್ತರ 1

ಎರಡೂ ವಾರದ ಫಲಿತಾಂಶ ಪಕ್ಕಕ್ಕಿಡಿ. ಗುಂಪಿಗೆ 400 ಜನ, ಓಪನ್ ರೇಟ್ ಶೇ 20ರ ಆಸುಪಾಸು ಅಂದರೆ, ಎರಡೂ ಗುಂಪಿಗೆ ಒಂದೇ ಸಬ್ಜೆಕ್ಟ್ ಲೈನ್ ಕಳಿಸಿದರೂ ಹತ್ತು ಸಲದಲ್ಲಿ ಮೂರು ಸಲ ಇಷ್ಟು ಅಂತರ ಬಂದೇ ಬರುತ್ತದೆ. ನಿಮ್ಮ 88–76ರ ಹಿಂದಿರುವ ನಿಜವಾದ ಅಂತರ −2.6ರಿಂದ +8.6 ಶೇಕಡಾ ಪಾಯಿಂಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ವಾರವಾರ ಫಲಿತಾಂಶ ತಿರುಗೋದಕ್ಕೆ ಬೇರೆ ಕಾರಣ ಹುಡುಕೋದು ಬೇಡ.

ಎಷ್ಟು ಜನ ಬೇಕು ಅನ್ನೋದಕ್ಕೆ ಒಂದು ಕೈಲೆಕ್ಕ ಇದೆ. ಪ್ರತಿ ಗುಂಪಿಗೆ ಬೇಕಾದ ಜನ = 16 × ಓಪನ್ ರೇಟ್ × (1 − ಓಪನ್ ರೇಟ್) ÷ ಅಂತರದ ವರ್ಗ (ಶೇ 20 ಅನ್ನು 0.20, 5 ಪಾಯಿಂಟ್ ಅನ್ನು 0.05 ಅಂತ ಹಾಕಿ). ಶೇ 95 ಖಚಿತತೆ, ನಿಜವಾದ ಅಂತರ ಇದ್ದರೆ ಅದು ಸಿಗುವ ಸಾಧ್ಯತೆ ಶೇ 80 ಅಂತ ಇಟ್ಟುಕೊಂಡ ಲೆಕ್ಕ ಇದು. ಶೇ 20ರ ಓಪನ್ ರೇಟ್‌ಗೆ 5 ಪಾಯಿಂಟ್ ಅಂತರ ಹಿಡಿಯಲು ಗುಂಪಿಗೆ ಸುಮಾರು 1,000 ಜನ ಸಾಕು. 3 ಪಾಯಿಂಟ್‌ಗೆ 2,850, 2 ಪಾಯಿಂಟ್‌ಗೆ 6,400. ಅಂತರ ಅರ್ಧವಾದರೆ ಜನ ನಾಲ್ಕು ಪಟ್ಟು. ನಿಮ್ಮ ಇಡೀ ಲಿಸ್ಟನ್ನು ಅರ್ಧ-ಅರ್ಧ ಮಾಡಿದರೂ ಒಂದು ಸಂಚಿಕೆಯಲ್ಲಿ 3.5 ಪಾಯಿಂಟ್‌ಗಿಂತ ಕಡಿಮೆ ಇರುವ ಅಂತರ ಕೈಗೆ ಸಿಗೋದು ಕಷ್ಟ.

ಎರಡು ಗಂಟೆಯ ಗಡುವೂ ತೊಂದರೆಯೇ. ಅಷ್ಟರಲ್ಲಿ ತೆರೆಯುವವರು ಮೇಲ್ ಬಂದ ಕೂಡಲೇ ನೋಡುವ ಜಾತಿ. ಸಂಜೆ ಬಿಡುವಾದಾಗ ಓದುವವರ ರುಚಿ ಬೇರೆ ಇರಬಹುದು. 24 ಗಂಟೆ ಬಿಡಿ. ಮಧ್ಯೆ ಇಣುಕಿ, ಒಂದು ಸಾಲು ಮುಂದಿದೆ ಅಂತ ಅಲ್ಲೇ ನಿಲ್ಲಿಸೋದು ಎಲ್ಲಕ್ಕಿಂತ ಕೆಟ್ಟದ್ದು. ಹಾಗೆ ಮಾಡಿದರೆ ಶೇ 95ರ ಖಚಿತತೆ ಹೆಸರಿಗಷ್ಟೇ ಉಳಿಯುತ್ತದೆ.

ಉತ್ತರ 2

ಜನಸಂಖ್ಯೆಯ ಲೆಕ್ಕ ಸರಿ. ಆದರೆ ಓಪನ್ ಎಂಬ ಅಳತೆಯೇ ಎಷ್ಟು ಗಟ್ಟಿ ಎಂಬುದನ್ನೂ ನೋಡಬೇಕು.

ಓಪನ್ ಎಣಿಸುವುದು ಮೇಲ್‌ನೊಳಗಿನ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದು ಲೋಡ್ ಆದಾಗ. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15 ಜತೆ ಬಂದ ಮೇಲ್ ಪ್ರೈವಸಿ ಪ್ರೊಟೆಕ್ಷನ್ ಆನ್ ಇರುವ ಆಪಲ್ ಮೇಲ್, ಓದುಗರು ಪತ್ರ ತೆರೆಯದಿದ್ದರೂ ಆ ಚಿತ್ರವನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಇದರಿಂದ ಟೆಸ್ಟ್‌ಗೆ ಆಗುವ ಪೆಟ್ಟು ಹೀಗೆ. ಲಿಸ್ಟ್‌ನ ಶೇ 40 ಜನ ಅಂಥವರು, ಅವರದ್ದೆಲ್ಲ ಓಪನ್ ಎಂದೇ ದಾಖಲಾಗುತ್ತದೆ ಎಂದುಕೊಳ್ಳಿ. ಉಳಿದವರಲ್ಲಿ ಎ ಶೇ 25, ಬಿ ಶೇ 20 ಬಂದರೆ ನಿಮಗೆ ಕಾಣುವುದು 55 ಮತ್ತು 52. ಐದು ಪಾಯಿಂಟ್‌ನ ಅಂತರ ಮೂರಕ್ಕೆ ಇಳಿಯಿತು, ದರ 50ರ ಹತ್ತಿರ ಬಂದದ್ದರಿಂದ ಏರಿಳಿತವೂ ಹೆಚ್ಚಿತು. ಮೇಲಿನ ಸೂತ್ರದಲ್ಲೇ ಹಾಕಿ ನೋಡಿ: 1,000 ಜನ ಸಾಕಾಗುತ್ತಿದ್ದಲ್ಲಿ ಈಗ ಗುಂಪಿಗೆ 4,400 ಬೇಕು. ಆದ್ದರಿಂದ ನಿಮ್ಮ ಸರ್ವಿಸ್ ಯಂತ್ರದ ಓಪನ್‌ಗಳನ್ನು ಬೇರ್ಪಡಿಸಿ ತೋರಿಸುವುದಾದರೆ, ಆ ವಿಳಾಸಗಳನ್ನು ಎರಡೂ ಗುಂಪಿನ ಲೆಕ್ಕದಿಂದ ಪೂರ್ತಿ ತೆಗೆದುಬಿಡಿ. ಓಪನ್ ಮಾತ್ರ ಕಳೆದು ತಲೆ ಎಣಿಕೆಯಲ್ಲಿ ಅವರನ್ನು ಉಳಿಸಿಕೊಂಡರೆ ದರ ಸುಳ್ಳೇ ಕುಸಿಯುತ್ತದೆ.

ಇದಕ್ಕೆ ತದ್ವಿರುದ್ಧದ ದೋಷವೂ ಉಂಟು. ಸುಮಾರು 102 ಕೆಬಿ ಮೀರಿದ ಮೇಲ್ ಅನ್ನು ಜಿಮೇಲ್ ಅರ್ಧಕ್ಕೆ ಕತ್ತರಿಸುತ್ತದೆ. ಎಣಿಸುವ ಚಿತ್ರ ಸಾಮಾನ್ಯವಾಗಿ ಪತ್ರದ ತಳದಲ್ಲಿರುವ ಕಾರಣ, ಓದಿದವರೂ ಲೆಕ್ಕಕ್ಕೆ ಸಿಗುವುದಿಲ್ಲ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಅಕ್ಷರ, ಒತ್ತು, ಗುಣಿತದ ಪ್ರತಿ ಬಿಡಿ ಚಿಹ್ನೆಗೆ) 3 ಬೈಟ್ ಬೇಕು, ಹಾಗಾಗಿ ಉದ್ದನೆಯ ಕನ್ನಡ ಪತ್ರ ಈ ಮಿತಿಯನ್ನು ಬೇಗ ಮುಟ್ಟುತ್ತದೆ.

ತಲುಪಿದ ಪ್ರತಿ ನೂರು ಮೇಲ್‌ಗೆ ಎಷ್ಟು ಕ್ಲಿಕ್ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ. ಓಪನ್‌ಗೆ ಎಷ್ಟು ಕ್ಲಿಕ್ ಎಂಬ ಅನುಪಾತ ಬೇಡ, ಓಪನ್ ಸಂಖ್ಯೆ ಉಬ್ಬಿದಾಗ ಅದೂ ಕೆಡುತ್ತದೆ. ಕ್ಲಿಕ್‌ಗಳಲ್ಲೂ ಕಲಬೆರಕೆ ಇದೆ: ಕಚೇರಿ ವಿಳಾಸಗಳ ಸೆಕ್ಯುರಿಟಿ ಸ್ಕ್ಯಾನರ್‌ಗಳು ಪತ್ರ ತಲುಪಿದ ಕೆಲವೇ ಸೆಕೆಂಡ್‌ಗಳಲ್ಲಿ ಒಳಗಿನ ಎಲ್ಲ ಲಿಂಕ್‌ಗಳನ್ನೂ ಒತ್ತುತ್ತವೆ. ಆ ಲಕ್ಷಣ ಕಂಡ ವಿಳಾಸಗಳನ್ನು ಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಥ್ಯಾಂಕ್ಸ್. ಆದರೆ ಅರ್ಧ-ಅರ್ಧ ಮಾಡಿದರೆ ಗೆದ್ದ ಸಾಲನ್ನು ಕಳಿಸೋಕೆ ಯಾರೂ ಉಳಿಯೋದಿಲ್ಲವಲ್ಲ? ಮತ್ತೆ ಟೆಸ್ಟ್ ಮಾಡಿ ಲಾಭ ಏನು?

ಉತ್ತರ 3

ಲಾಭ ಮುಂದಿನ ಸಂಚಿಕೆಗಳಿಗೆ. 400-400ರ ಟೆಸ್ಟ್‌ನಲ್ಲಿ ಗೆದ್ದದ್ದನ್ನು 3,200 ಜನಕ್ಕೆ ಕಳಿಸೋದೂ ನಾಣ್ಯ ಚಿಮ್ಮಿ ಕಳಿಸೋದೂ ಹೆಚ್ಚು ಕಡಿಮೆ ಒಂದೇ. ನಿಮ್ಮ ಗಾತ್ರದ ಲಿಸ್ಟ್‌ಗೆ ನಾನು ಹೇಳೋದು, ಸಾಲನ್ನು ಬಿಡಿ, ಧಾಟಿಯನ್ನು ಟೆಸ್ಟ್ ಮಾಡಿ. "ಪ್ರಶ್ನೆ ಕೇಳುವ ಧಾಟಿ, ಉಪಯೋಗ ಹೇಳುವ ಧಾಟಿಗಿಂತ ಹೆಚ್ಚು ತೆರೆಸುತ್ತದೆ" ಅಂತ ಒಂದು ಊಹೆ ಬರೆದಿಡಿ. ನಾಲ್ಕು ಸಂಚಿಕೆ ಅದನ್ನೇ ನಡೆಸಿ, ವಿಷಯ ಬೇರೆ ಬೇರೆ ಇರಲಿ, ಧಾಟಿಯ ಜೋಡಿ ಅದೇ ಇರಲಿ. ಕೂಡಿಸಿದರೆ ಪ್ರತಿ ಧಾಟಿಗೆ 8,000 ಮೇಲ್ ಆಗುತ್ತದೆ, ಸುಮಾರು 1.8 ಪಾಯಿಂಟ್‌ನಷ್ಟು ಸಣ್ಣ ಅಂತರವೂ ಸಿಗುತ್ತದೆ. ಎಷ್ಟು ಸಂಚಿಕೆ ಅನ್ನೋದನ್ನು ಮೊದಲೇ ನಿಗದಿ ಮಾಡಬೇಕು.

ಪ್ರತಿ ಸಂಚಿಕೆಗೂ ಗುಂಪನ್ನು ಹೊಸದಾಗಿ ಕಲಸಬೇಕು, ಇದನ್ನು ಮಾತ್ರ ಮರೆಯಬೇಡಿ. ಅದೇ 2,000 ಜನ ಪ್ರತಿ ಸಲ ಎ ಪಡೆದರೆ ನೀವು ಅಳೆಯೋದು ಆ ಜನರ ಅಭ್ಯಾಸವನ್ನು. ಸೇರಿದ ದಿನಾಂಕದ ಪ್ರಕಾರ ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಕತ್ತರಿಸೋದಂತೂ ಬೇಡವೇ ಬೇಡ. ಹೊಸಬರು ಹೆಚ್ಚು ತೆರೀತಾರೆ, ಹಳಬರು ಮರೆತಿರ್ತಾರೆ. ಶೀಟ್‌ನಲ್ಲಿ ಯಾದೃಚ್ಛಿಕ ಸಂಖ್ಯೆಯ ಕಾಲಂ ಹಾಕಿ, ಅದರ ಪ್ರಕಾರ ಜೋಡಿಸಿ, ಅರ್ಧಕ್ಕೆ ಕತ್ತರಿಸಿ.

"ಒಂದೇ ಸಂಗತಿ ಬದಲಿಸಿ" ಅನ್ನೋದನ್ನು ಒಂದೇ ಪದ ಅಂತ ತಿಳಿಯಬೇಡಿ, ಒಂದು ಪದಕ್ಕೆ ಅಷ್ಟು ಅಂತರ ಬರೋದು ಅಪರೂಪ. ಆದರೆ ಎಲ್ಲವನ್ನೂ ಬದಲಿಸಿದರೂ ಏನೂ ತಿಳಿಯೋದಿಲ್ಲ. "ನಿಮ್ಮ ಬ್ಯಾಕಪ್ ಸರಿಯಿದೆಯೇ?" ಎದುರಿಗೆ "ಬ್ಯಾಕಪ್ ಪರೀಕ್ಷಿಸುವ 5 ಹಂತಗಳು" ಇಟ್ಟರೆ ಪ್ರಶ್ನೆ, ಅಂಕಿ, "ನಿಮ್ಮ", ಮೂರೂ ಬದಲಾದವು. "ಬ್ಯಾಕಪ್ ಸರಿಯಿದೆಯೇ ಎಂದು ನೋಡುವುದು ಹೇಗೆ?" ಎದುರಿಗೆ "ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ವಿಧಾನ" ಇಟ್ಟರೆ ಬದಲಾದದ್ದು ಪ್ರಶ್ನೆ ಮಾತ್ರ. ಕಳಿಸುವವರ ಹೆಸರು, ಸಮಯ, ಪ್ರೀಹೆಡರ್ (ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಪಕ್ಕ ಕಾಣುವ ಮುನ್ನೋಟದ ಸಾಲು) ಎರಡಕ್ಕೂ ಒಂದೇ. ಪ್ರೀಹೆಡರ್ ಖಾಲಿ ಬಿಟ್ಟರೆ "ಬ್ರೌಸರ್‌ನಲ್ಲಿ ನೋಡಿ" ಅನ್ನೋ ಸಾಲು ಸಬ್ಜೆಕ್ಟ್ ಪಕ್ಕದಲ್ಲಿ ಬಂದು ಕೂರುತ್ತದೆ.

ಇಮೋಜಿ ಕೊನೆಗಿಡಿ. ಹೆಸರು ಹಾಕೋದಾದರೆ, ಹೆಸರು ಕೊಡದವರಿಗೆ ಬದಲಿ ಪದ ಸೆಟ್ ಮಾಡಿದ್ದೀರಾ ನೋಡಿ, ಇಲ್ಲದಿದ್ದರೆ ಅವರ ಸಬ್ಜೆಕ್ಟ್ ಲೈನ್ ಬರೀ ಅಲ್ಪವಿರಾಮದಿಂದ ಶುರುವಾಗುತ್ತದೆ. ಉತ್ತರ ಬಂದಂತೆ ತೋರಿಸಲು ಸುಳ್ಳೇ "ರಿ:" ಸೇರಿಸುವ ಉಪಾಯ ಕೆಲವರು ಹೇಳುತ್ತಾರೆ, ಅದು ಬೇಡ. ಓಪನ್ ಏರಬಹುದು, ಜತೆಗೆ ಸ್ಪ್ಯಾಮ್ ದೂರೂ ಏರುತ್ತದೆ. ಜಿಮೇಲ್ ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು, ಶೇ 0.1ರ ಕೆಳಗಿರಲಿ ಅನ್ನುತ್ತದೆ. 2,000 ಜಿಮೇಲ್ ವಿಳಾಸಕ್ಕೆ ಶೇ 0.3 ಅಂದರೆ ಬರೀ 6 ದೂರು.

ಉತ್ತರ 4

ಸ್ವಂತ ಸ್ಕ್ರಿಪ್ಟ್‌ನಿಂದ ಮೇಲ್ ಕಳಿಸುವವರಿಗೆ ಒಂದು ಸೇರ್ಪಡೆ. ಕನ್ನಡ ಸಬ್ಜೆಕ್ಟ್ ಲೈನ್ ಸಾಮಾನ್ಯವಾಗಿ ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬರೆಯುವ ಕ್ರಮ) ತುಂಡುಗಳಾಗಿ ಹೋಗುತ್ತದೆ. ಇದಕ್ಕಿರುವ ಇಮೇಲ್ ಮಾನದಂಡ ಆರ್‌ಎಫ್‌ಸಿ 2047ರ ಪ್ರಕಾರ ಒಂದು ತುಂಡು 75 ಅಕ್ಷರ ಮೀರಬಾರದು. ಅದರ ತಲೆ-ಬಾಲ ಕಳೆದರೆ ಒಂದು ತುಂಡಿಗೆ ಹಿಡಿಯುವುದು 15 ಕನ್ನಡ ಸಂಕೇತ. ಸ್ಕ್ರಿಪ್ಟ್ ಬೈಟ್ ಎಣಿಸಿ ಎಲ್ಲೆಂದರಲ್ಲಿ ತುಂಡು ಮಾಡಿದರೆ ಒಂದು ಸಂಕೇತದ 3 ಬೈಟ್ ಎರಡು ಹೋಳಾಗಿ, ಕೆಲವು ಇನ್‌ಬಾಕ್ಸ್‌ಗಳಲ್ಲಿ ಅಲ್ಲಿ ಚೌಕ ಕಾಣಿಸುತ್ತದೆ. ಉದ್ದದ ಸಾಲಿಗೆ ಈ ಅಪಾಯ ಹೆಚ್ಚು, ಆಗ "ಗಿಡ್ಡ ಸಾಲು ಗೆದ್ದಿತು" ಎಂಬ ಫಲಿತಾಂಶವೇ ಸುಳ್ಳಾಗಿರಬಹುದು. ಉದ್ದ ಅಳೆಯುವಾಗಲೂ ಎಚ್ಚರ: "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಟೂಲ್‌ನ ಎಣಿಕೆಯಲ್ಲಿ 6. ಮೊಬೈಲ್‌ನಲ್ಲಿ ಸಾಲು ಎಲ್ಲಿ ಕಡಿಯುತ್ತದೆ ಎಂದು ಫೋನ್‌ನಲ್ಲೇ ನೋಡಿ, ಮುಖ್ಯ ಪದ ಅದಕ್ಕೂ ಮೊದಲೇ ಬರಲಿ.

ಟೆಸ್ಟ್ ಶುರು ಮಾಡುವ ಮೊದಲ ವಾರ ಎರಡೂ ಗುಂಪಿಗೆ ಒಂದೇ ಸಬ್ಜೆಕ್ಟ್ ಲೈನ್ ಕಳಿಸಿ. ಅಂತರ 2.5 ಪಾಯಿಂಟ್ ಒಳಗೆ ಬಂದರೆ ಮುಂದುವರಿಯಿರಿ. ಅದಕ್ಕಿಂತ ಹೆಚ್ಚು ಬಂದರೆ ಗುಂಪು ಮಾಡಿದ ವಿಧಾನವನ್ನು ಮೊದಲು ಪರೀಕ್ಷಿಸಿ.