ಟ್ರಯಾಜ್‌ನಲ್ಲಿ 2ನೇ ಹಂತವೋ 3ನೇ ಹಂತವೋ?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ತುರ್ತು ವಿಭಾಗಕ್ಕೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ (ಟ್ರಯಾಜ್) ಎಮರ್ಜೆನ್ಸಿ ಸಿವಿಯಾರಿಟಿ ಇಂಡೆಕ್ಸ್‌ನಲ್ಲಿ 1 ಅತಿ ತುರ್ತು, 5 ಅತಿ ಕಡಿಮೆ ತುರ್ತು. ನನಗೆ 2 ಮತ್ತು 3ರ ನಡುವೆಯೇ ಜಗ್ಗಾಟ. ಉದಾಹರಣೆಗೆ 64 ವರ್ಷದ ರೋಗಿ, ಹೊಟ್ಟೆನೋವು 10ಕ್ಕೆ 8, ನಾಡಿ 96, ಉಸಿರು 22, ಬಿಪಿ 118/76, ಆಮ್ಲಜನಕ 95. ರಕ್ತಪರೀಕ್ಷೆ, ಸ್ಕ್ಯಾನ್, ಡ್ರಿಪ್ ಬೇಕೇ ಬೇಕು. ಬಿಪಿ ಚೆನ್ನಾಗಿದೆ ಅಂತ 3 ಕೊಡಬಹುದೇ? ನೋವು 8 ಅಂದಮೇಲೆ ತಾನಾಗಿಯೇ 2 ಆಗುತ್ತದೆಯೇ?

ಮೊದಲಗಂಟೆ:
ಎರಡು ತರ್ಕವೂ ಸರಿಯಲ್ಲ. ಮೊದಲು ಕೇಳಬೇಕಾದ್ದು: ಜೀವ ಉಳಿಸಲು ಈಗಲೇ ಏನಾದರೂ ಮಾಡಬೇಕೇ? ಹೌದಾದರೆ 1. ಇಲ್ಲವಾದರೆ, ಈ ಮನುಷ್ಯನನ್ನು ಕಾಯಿಸಬಹುದೇ? ಕಾಯಿಸಿದರೆ ಅಪಾಯ, ಹೊಸದಾಗಿ ಗೊಂದಲ ಅಥವಾ ಮಂಪರು, ತೀವ್ರ ನೋವು ಅಥವಾ ಸಂಕಟ, ಇವುಗಳಲ್ಲಿ ಒಂದಿದ್ದರೆ 2. ಆಮೇಲಷ್ಟೇ ಸೌಲಭ್ಯಗಳ (ಬೇಕಾಗುವ ಪರೀಕ್ಷೆ, ಚಿಕಿತ್ಸೆಗಳ) ಲೆಕ್ಕ.

ನೋವು 7 ಅಥವಾ ಹೆಚ್ಚಿದ್ದರೆ '2 ಕೊಡಬೇಕೇ ಯೋಚಿಸಿ' ಅನ್ನುತ್ತದೆ ನಿಯಮ, 'ಕೊಡಿ' ಅನ್ನುವುದಿಲ್ಲ. ಕಾಲ್ಬೆರಳಿಗೆ ಏಟು ಬಿದ್ದವರೂ 8 ಅನ್ನುತ್ತಾರೆ. ಅವರಿಗೆ ಐಸ್ ಇಟ್ಟು ಕೂರಿಸಬಹುದು.

3ಕ್ಕೆ ಬಂದ ವಯಸ್ಕರಲ್ಲಿ ನಾಡಿ 100 ಮೀರಿದೆಯೇ, ಉಸಿರು 20 ಮೀರಿದೆಯೇ, ಆಮ್ಲಜನಕ 92ಕ್ಕಿಂತ ಕಡಿಮೆಯೇ ಅಂತ ನೋಡಿ. ಒಂದಿದ್ದರೂ 2ಕ್ಕೆ ಏರಿಸಬೇಕೇ ಎಂದು ಯೋಚಿಸಬೇಕು. ಬಿಪಿ ಈ ಪಟ್ಟಿಯಲ್ಲೇ ಇಲ್ಲ. ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಹಿಡಿದಿಡುತ್ತವೆ. ಹೆಚ್ಚುಕಡಿಮೆ 30 ಶೇಕಡಾ ರಕ್ತ ಹೋಗುವವರೆಗೂ ಅದು ಬೀಳದೆ ಇರಬಹುದು.

ನಿಮ್ಮ ರೋಗಿಗೆ ನಾನು 2 ಕೊಡುತ್ತೇನೆ. ಈ ವಯಸ್ಸಿನ ಹೊಟ್ಟೆನೋವಿನ ಹಿಂದೆ ಮಹಾಧಮನಿಯ ಉಬ್ಬು, ಕರುಳಿಗೆ ರಕ್ತ ಹರಿಯುವುದು ನಿಂತಿರುವುದು, ಹೃದಯಾಘಾತ ಏನೂ ಇರಬಹುದು. ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದಾರೆಯೇ ಕೇಳಿ. ಹೌದಾದರೆ ಆ 96 ನಂಬುವಂಥದ್ದಲ್ಲ.

ಡ್ರಿಪ್‌ಸ್ಟ್ಯಾಂಡ್:
ಸೌಲಭ್ಯ ಎಣಿಸುವುದರಲ್ಲೂ ತಪ್ಪಾಗುತ್ತದೆ. ಎಣಿಸುವುದು ಬಗೆಗಳನ್ನು, ಪರೀಕ್ಷೆಗಳನ್ನಲ್ಲ. ಐದು ರಕ್ತಪರೀಕ್ಷೆ ಬರೆದರೂ ಒಂದೇ. ರಕ್ತಪರೀಕ್ಷೆ ಜೊತೆಗೆ ಎಕ್ಸ್‌ರೇ ಅಂದರೆ ಎರಡು. ನುಂಗುವ ಮಾತ್ರೆ, ಟಿಟಿ ಇಂಜೆಕ್ಷನ್, ಬರೀ ಕ್ಯಾನುಲಾ (ಡ್ರಿಪ್ ಹಾಕದೆ ರಕ್ತನಾಳಕ್ಕೆ ಚುಚ್ಚಿಟ್ಟ ಕೊಳವೆ), ಊರುಗೋಲು ಲೆಕ್ಕಕ್ಕಿಲ್ಲ. ಎರಡು ಅಥವಾ ಹೆಚ್ಚಾದರೆ 3, ಒಂದಾದರೆ 4, ಏನೂ ಬೇಡವಾದರೆ 5.

ಉಸಿರೆಣಿಕೆ:
ದಯವಿಟ್ಟು ಉಸಿರನ್ನು ಎಣಿಸಿ. ಅಂದಾಜಿಗೆ '18' ಅಂತ ಬರೆಯುವ ಅಭ್ಯಾಸದಿಂದಲೇ 22, 24 ಇರುವವರು 3ರಲ್ಲಿ ಉಳಿದುಬಿಡುತ್ತಾರೆ. ನಾಡಿ ಹಿಡಿದಂತೆಯೇ ಮಣಿಕಟ್ಟು ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಿ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಬೆಂಕಿಯ ಹೊಗೆ ಕುಡಿದು ಬಂದವರಲ್ಲಿ 98 ಕಂಡರೂ ನಂಬಬೇಡಿ: ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಎಂದೇ ಓದುತ್ತದೆ.

ರಾತ್ರಿಪಾಳಿ:
ತುಂಬಾ ಧನ್ಯವಾದ. ಮಕ್ಕಳಿಗೂ ಇದೇ ಅಂಕಿಗಳೇ?

ಮೊದಲಗಂಟೆ:
ಅಲ್ಲ. ಹಳೆಯ 4ನೇ ಆವೃತ್ತಿಯಲ್ಲಿ 3 ತಿಂಗಳೊಳಗೆ ನಾಡಿ 180, ಉಸಿರು 50 ಇತ್ತು. 3 ವರ್ಷದವರೆಗೆ 160, 40. 8ರವರೆಗೆ 140, 30. 2023ರ 5ನೇ ಆವೃತ್ತಿಯಲ್ಲಿ ಇವು ಬದಲಾಗಿವೆ; ಈಗಿನ ಪಟ್ಟಿಯ ಅಂಕಿ ಮೀರಿದರೆ ಯೋಚಿಸಿ. ಆಮ್ಲಜನಕಕ್ಕೆ 92 ಎಲ್ಲರಿಗೂ ಒಂದೇ. 28 ದಿನದೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ನಗುತ್ತಿದ್ದರೂ ಹಾಲು ಕುಡಿಯುತ್ತಿದ್ದರೂ ಕನಿಷ್ಠ 2. ಕಾಯಲು ಕೂರಿಸಿದವರನ್ನು ಮತ್ತೆ ಮತ್ತೆ ನೋಡಿ, ಸಮಯ ಹಾಕಿ ಬರೆದಿಡಿ.