ಸ್ನೇಹವಾ, ವ್ಯಾಪಾರವಾ? ಜೀವಿಗಳ ನಡುವಿನ ಸಹಕಾರದ ಬಗ್ಗೆ ಒಂದು ಚರ್ಚೆ

ಕೆಂಪಿರುವೆ: ಕಾಡು, ಕಡಲು ಎಲ್ಲ ಕಡೆ ಬಲ ಇದ್ದವನದ್ದೇ ರಾಜ್ಯ ಅಂತ ಕೇಳಿ ಕೇಳಿ ಸಾಕಾಗಿದೆ. ಹವಳದ ದಿಬ್ಬಗಳಲ್ಲಿ ಬೆರಳುದ್ದದ ಒಂದು ಮೀನಿದೆ, ಕ್ಲೀನರ್ ರಾಸ್ ಅಂತ. ದೊಡ್ಡ ಮೀನುಗಳ ಬಾಯೊಳಗೇ ನುಗ್ಗಿ, ಕಿವಿರಿನ ಸಂದಿಯಲ್ಲಿ ರಕ್ತ ಹೀರುವ ಹುಳಗಳನ್ನು ಕಿತ್ತು ತಿನ್ನುತ್ತದೆ. ದೊಡ್ಡದು ಬಾಯಿ ತೆರೆದು ಅಲುಗಾಡದೆ ನಿಂತಿರುತ್ತದೆ. ಮುಚ್ಚಿದರೆ ಒಂದು ತುತ್ತು, ಆದರೆ ಮುಚ್ಚುವುದಿಲ್ಲ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಲೆಕ್ಕ ಹಾಕಿದಾಗ ಇಂಥ ಒಂದು ಮೀನು ದಿನಕ್ಕೆ ಸುಮಾರು 1,200 ಹುಳ ತಿನ್ನುತ್ತಿತ್ತು. ಇದು ನಂಬಿಕೆ ಅಲ್ಲದೆ ಇನ್ನೇನು?

ನೀರುಕಾಗೆ: ಅರ್ಧ ಕಥೆ ಹೇಳಿದಿರಿ. ಆ ಮೀನಿಗೆ ಹುಳಕ್ಕಿಂತ ಗಿರಾಕಿಯ ಮೈಮೇಲಿನ ಲೋಳೆ ಜಾಸ್ತಿ ಇಷ್ಟ. ಸಂದು ಸಿಕ್ಕರೆ ಒಂದು ಕಚ್ಚು ಕಚ್ಚಿಯೇಬಿಡುತ್ತದೆ. ಗಿರಾಕಿ ಸಟ್ಟನೆ ಮೈ ಜಾಡಿಸಿ ಅಟ್ಟಿಸಿಕೊಂಡು ಹೋಗುತ್ತದೆ, ಇಲ್ಲ ಅಂದ್ರೆ ಇನ್ನೊಂದು ಕ್ಲೀನರ್ ಹತ್ತಿರ ಹೋಗುತ್ತದೆ. ಬೇರೆ ಮೀನು ನೋಡುತ್ತಿದ್ದರೆ ನಮ್ಮ ಕ್ಲೀನರ್ ಇನ್ನಷ್ಟು ಸಾಚಾ ಆಗಿರುತ್ತದೆ! ಗಂಡು ಹೆಣ್ಣು ಜೊತೆಯಾಗಿ ಕೆಲಸ ಮಾಡುವಾಗ ಹೆಣ್ಣು ಕಚ್ಚಿ ಗಿರಾಕಿ ಓಡಿಹೋದರೆ ಗಂಡು ಅವಳನ್ನು ಅಟ್ಟಾಡಿಸುತ್ತದೆ. ಮುಂದಿನ ಸಲ ಅವಳು ಹುಷಾರು. ಇದನ್ನು ನಂಬಿಕೆ ಅಂತೀರಾ?

ಸುಮ್ನೆ ಬಂದೆ: ಗಂಡಿಗೆ ಗಿರಾಕಿಯ ನೋವಿನ ಚಿಂತೆ ಇಲ್ಲ, ತನ್ನ ಊಟ ಹೋಯಿತಲ್ಲ ಅನ್ನೋ ಸಿಟ್ಟು. ಅಲ್ವಾ?

ನೀರುಕಾಗೆ: ಅದೇ ನಾನು ಹೇಳುತ್ತಿರುವುದು.

ಹಳೇ ಮೇಷ್ಟ್ರು: ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಮಾತಿದೆಯಲ್ಲ, ಆ ಹುಳದ ಕಥೆಯನ್ನೂ ಕೇಳಿ. ಒಮ್ಮೆ ಬಲಿತ ಅತ್ತಿಯನ್ನು ಬ್ಲೇಡಿನಲ್ಲಿ ಸೀಳಿ ಭೂತಗನ್ನಡಿ ಹಿಡಿದೆ. ಒಳಗೆ ನೂರಾರು ಪುಟಾಣಿ ಹೂವು, ಸಾಸಿವೆಗಿಂತ ಚಿಕ್ಕ ಕಣಜಗಳು. ರೆಕ್ಕೆಯೇ ಇಲ್ಲದ ಗಂಡುಗಳು ಗೋಡೆ ಕೊರೆಯುತ್ತಿದ್ದವು. ಆ ದಾರಿಯಲ್ಲಿ ಹೊರಗೆ ಹೋಗುವುದು ಹೆಣ್ಣು, ಪರಾಗ ಹೊತ್ತುಕೊಂಡು. ಗಂಡಿನ ಬದುಕು ಅಲ್ಲೇ ಮುಗಿಯುತ್ತದೆ. ಹೆಣ್ಣು ಇನ್ನೊಂದು ಅತ್ತಿಯ ಸಣ್ಣ ಬಾಯಲ್ಲಿ ನುಸುಳುವಾಗ ಅದರ ರೆಕ್ಕೆಯೇ ಕಿತ್ತುಹೋಗುತ್ತದೆ. ಪರಾಗ ಹಚ್ಚಿ, ಕೆಲವು ಹೂವಿನಲ್ಲಿ ಮೊಟ್ಟೆ ಇಟ್ಟು ಒಳಗೇ ಸಾಯುತ್ತದೆ. ಮರಕ್ಕೆ ಒಂದಷ್ಟು ಬೀಜ ನಷ್ಟ, ಉಳಿದಿದ್ದು ಲಾಭ. ಪರಾಗ ತರದೆ ಬರೀ ಮೊಟ್ಟೆ ಇಟ್ಟರೋ, ಕೆಲವು ಜಾತಿಯ ಅತ್ತಿ ಮರಗಳು ಆ ಕಾಯನ್ನು ಮರಿಗಳ ಸಮೇತ ಉದುರಿಸಿಬಿಡುತ್ತವೆ. ಮರಕ್ಕೆ ಮಿದುಳಿಲ್ಲ, ಆದರೂ ಲೆಕ್ಕ ಚುಕ್ತಾ. ಹಾಗಾಗಿ 'ಸ್ನೇಹ', 'ವ್ಯಾಪಾರ' ಎರಡೂ ನಾವು ಅಂಟಿಸಿದ ಚೀಟಿ ಅನ್ನಿಸುತ್ತದೆ.

ಕೆಂಪಿರುವೆ: ಮೇಷ್ಟ್ರೇ, ಹನಿಗೈಡ್ ಹಕ್ಕಿಗೆ ಯಾವ ಚೀಟಿ ಅಂಟಿಸ್ತೀರಿ? ಮೊಜಾಂಬಿಕ್‌ನ ನಿಯಾಸಾ ಕಾಡಿನಲ್ಲಿ 'ಯಾವೋ' ಅನ್ನುವ ಸಮುದಾಯದ ಜನ "ಬ್ರ್‌ರ್‌ರ್ ಹ್ಮ್" ಅಂತ ಕೂಗಿದರೆ ಅದು ಬಂದು ಜೇನು ಇರುವ ಮರದ ತನಕ ಕರೆದೊಯ್ಯುತ್ತದೆ. ಮನುಷ್ಯನಿಗೆ ತುಪ್ಪ, ಅದಕ್ಕೆ ಮೇಣ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇರೆ ಸದ್ದು ಮಾಡಿದರೆ ಹಕ್ಕಿ ದಾರಿ ತೋರಿಸುವ ಸಾಧ್ಯತೆ ಶೇ. 33ರಷ್ಟಿತ್ತು, ಈ ಕೂಗಿಗೆ 66. ಅದೂ ಕಾಡು ಹಕ್ಕಿ, ಯಾರೂ ಪಳಗಿಸಿದ್ದಲ್ಲ.

ನೀರುಕಾಗೆ: ಅದೇ ಹಕ್ಕಿ ಬೇರೆ ಹಕ್ಕಿಗಳ ಗೂಡಿನಲ್ಲಿ ಕದ್ದು ಮೊಟ್ಟೆ ಇಡುತ್ತದೆ. ಅದರ ಮರಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಕೊಕ್ಕಿನ ತುದಿಯ ಕೊಕ್ಕೆಯಿಂದ ಆ ಮನೆಯ ಮರಿಗಳನ್ನು ಕಚ್ಚಿ ಕೊಲ್ಲುತ್ತದೆ.

ಸುಮ್ನೆ ಬಂದೆ: ಅಯ್ಯೋ. ಬೆಳಗ್ಗೆ ಬೆಳಗ್ಗೆ ಇದನ್ನು ಓದಬೇಕಿತ್ತಾ?

ಕೆಂಪಿರುವೆ: ಆಮೇಲೆ? ನನಗೆ ಜೇನು ತೋರಿಸುವುದಕ್ಕೂ ಅಲ್ಲಿ ಮರಿ ಕೊಲ್ಲುವುದಕ್ಕೂ ಏನು ಸಂಬಂಧ? ಸಹಕಾರ ಅನ್ನುವುದು ಹಕ್ಕಿಯ ಗುಣ ಅಂತ ನಾನೆಲ್ಲಿ ಹೇಳಿದೆ? ಅದು ಇಬ್ಬರ ನಡುವೆ ಇರುವಂಥದ್ದು.

ಹಳೇ ಮೇಷ್ಟ್ರು: ಈ ಮಾತು ಒಪ್ಪಿದೆ. ಇರುವೆ ಅಂತ ಹೆಸರಿಟ್ಟುಕೊಂಡಿದ್ದೀರಿ, ನಿಮ್ಮವರದ್ದೇ ಉದಾಹರಣೆ ಕೊಡುತ್ತೇನೆ. ಕೀನ್ಯಾದಲ್ಲಿ ಒಂದು ಜಾತಿಯ ಜಾಲಿ ಮರ ಇರುವೆಗಳಿಗೆ ಊದಿದ ಮುಳ್ಳಿನಲ್ಲಿ ಮನೆ ಕೊಡುತ್ತದೆ, ಎಲೆ ಬುಡದಲ್ಲಿ ಸಿಹಿ ರಸ ಕೊಡುತ್ತದೆ. ಆನೆ, ಜಿರಾಫೆ ಬಾಯಿ ಹಾಕಿದರೆ ಇರುವೆಗಳು ಮುತ್ತಿಕೊಳ್ಳುತ್ತವೆ. ವಿಜ್ಞಾನಿಗಳು 1995ರಲ್ಲಿ ಕೆಲವು ಮರಗಳಿಗೆ ಬೇಲಿ ಹಾಕಿ, ದೊಡ್ಡ ಪ್ರಾಣಿ ಬರದಂತೆ ಮಾಡಿದರು. ಹತ್ತು ವರ್ಷದಲ್ಲಿ ಮರ ರಸ ಕಡಿಮೆ ಮಾಡಿತು, ಊದಿದ ಮುಳ್ಳೂ ಕಡಿಮೆಯಾಯಿತು. ಕಾವಲು ಇರುವೆ ಹೋಗಿ, ಕಾವಲೇ ಕಾಯದ ಇನ್ನೊಂದು ಇರುವೆ ಬಂದು ಕೂತಿತು.

ನೀರುಕಾಗೆ: ಶತ್ರು ಇಲ್ಲ, ಸಂಬಳ ಕಟ್. ನಾನು ಹೇಳಿದ್ದು ಇದನ್ನೇ.

ಹಳೇ ಮೇಷ್ಟ್ರು: ಪೂರ್ತಿ ಕೇಳಿ. ಹೊಸ ಇರುವೆ ಬಂದ ಮೇಲೆ ಕಾಂಡ ಕೊರೆಯುವ ದುಂಬಿಗಳು ಜಾಸ್ತಿಯಾದವು. ಮರ ನಿಧಾನ ಬೆಳೆಯಿತು, ಸಾಯುವುದೂ ಹೆಚ್ಚಾಯಿತು. ಸಂಬಳ ಉಳಿಸಿದ ಧಣಿಯೇ ಮುಳುಗಿದ.

ಕೆಂಪಿರುವೆ: ಅದೇ ಜಾಲಿ ಕಾಡಿಗೆ ಈಗ ಹೊರಗಿನ ದಪ್ಪತಲೆ ಇರುವೆ ನುಗ್ಗಿದೆ. ಕಾವಲು ಇರುವೆಗಳನ್ನು ಅದು ಕೊಂದಿತು, ಆನೆಗಳು ಮರ ಮುರಿದು ಹಾಕಿದವು. ಮರೆ ಇಲ್ಲದೆ ಸಿಂಹಕ್ಕೆ ಜೀಬ್ರಾ ಹಿಡಿಯುವುದು ಕಷ್ಟವಾಗಿ, ಅದು ಕಾಡೆಮ್ಮೆಯ ಬೇಟೆ ಹೆಚ್ಚು ಮಾಡಿತು. 2024ರಲ್ಲಿ ಈ ಅಧ್ಯಯನ ಬಂತು.

ನೀರುಕಾಗೆ: ಸಿಂಹದ ಊಟ ಇರುವೆ ಕೈಯಲ್ಲಿ ಅಂತೀರಿ. ಸರಿ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸ್ನೇಹ ಅಂತ ಮಾತ್ರ ಈಗಲೂ ಒಪ್ಪಲ್ಲ.

ಸುಮ್ನೆ ಬಂದೆ: ಮೇಷ್ಟ್ರೇ, ಆ ಅತ್ತಿ ಸೀಳಿದ್ದರ ಫೋಟೋ ಇದ್ದರೆ ಹಾಕಿ.