ಐರ್ಲೆಂಡ್‌ನಲ್ಲಿ ನಡೆದು ನೋಡೋಕೆ ಎಂಟು ದಿನ: ಹೋಗಿಬಂದವರು ದಾರಿ ಹೇಳಿ

ಕೇಳಿದ್ದು

ಮಗಳು ಡಬ್ಲಿನ್‌ನಲ್ಲಿ ಓದ್ತಿದ್ದಾಳೆ. ಸೆಪ್ಟೆಂಬರ್ ಮೊದಲ ವಾರ ನಾನೂ ನಮ್ಮನೆಯವರೂ ಹೋಗ್ತಿದ್ದೀವಿ. ಅವಳ ಜೊತೆ ಎರಡು ದಿನ ಇದ್ದಮೇಲೆ ನಮ್ಮಿಬ್ಬರ ಕೈಲಿ ಎಂಟು ದಿನ ಉಳಿಯುತ್ತೆ. ಟ್ರಾವೆಲ್ಸ್‌ನವರೊಬ್ಬರು ಕೊಟ್ಟ ಪಟ್ಟಿಯಲ್ಲಿ ಎಂಟು ದಿನಕ್ಕೆ ಹನ್ನೊಂದು ಊರು, ದಿನಾ ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಬೇಕು. ನಮಗೆ ಅದು ಬೇಡ. ನಡೀಬೇಕು, ಊರವರ ಹತ್ರ ನಾಲ್ಕು ಮಾತಾಡಬೇಕು, ಅವರ ಸಂಗೀತ ಕೇಳಬೇಕು. ನನಗೆ 56, ಅವರಿಗೆ 61. ದಿನಕ್ಕೆ 15 ಕಿ.ಮೀ. ಆರಾಮಾಗಿ ನಡೀತೀವಿ, ಇಳಿಜಾರು ಬಂದರೆ ಮಾತ್ರ ಅವರ ಮಂಡಿ ತಕರಾರು ತೆಗೆಯುತ್ತೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತೆ. ಎಲ್ಲಿಗೆ ಹೋಗೋದು?

ಕಾರ್ಕ್‌ನಲ್ಲಿ ಆರು ವರ್ಷ ಇದ್ದವರು

ಆ ಪಟ್ಟೀನ ಹರಿದು ಬಿಸಾಕಿ. ಅದರಲ್ಲಿ ನಿಮಗೆ ಕಾಣೋದು ಬಸ್ಸಿನ ಕಿಟಕಿ ಮತ್ತೆ ಅದರ ಮೇಲಿನ ಮಳೆಹನಿ, ಅಷ್ಟೇ. ಒಂದೇ ಕೌಂಟಿ (ನಮ್ಮ ಜಿಲ್ಲೆ ಥರ) ಆರಿಸಿಕೊಂಡು ಅಲ್ಲೇ ಇರಿ.

ವೀಸಾ ವಿಷಯದಲ್ಲಿ ಸುಮಾರು ಜನ ಎಡವುತ್ತಾರೆ, ಹಾಗಾಗಿ ಹೇಳ್ತೀನಿ. ಅಲ್ಲಿ ಯುರೋ ಇದೆ, ಯುರೋಪಿಯನ್ ಯೂನಿಯನ್ನೂ ಹೌದು, ಆದರೆ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತೋಕೆ ಬಿಡೋ ಷೆಂಗೆನ್ ಗುಂಪಿನಲ್ಲಿ ಇಲ್ಲ. ಷೆಂಗೆನ್ ವೀಸಾ ಹಿಡ್ಕೊಂಡು ಹೋದರೆ ವಿಮಾನ ಹತ್ತೋಕೇ ಬಿಡಲ್ಲ. ಬೆಲ್‌ಫಾಸ್ಟ್, ಜೈಂಟ್ಸ್ ಕಾಸ್‌ವೇ ಇರೋ ಉತ್ತರದ ಆರು ಕೌಂಟಿಗಳು ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟಿಲ್ಲ, ಬಸ್ಸು ಸುಮ್ಮನೆ ದಾಟಿಬಿಡುತ್ತೆ. ಹಾಗಂತ ವೀಸಾ ಬೇಡ ಅಂತಲ್ಲ. ನಿಮ್ಮ ವೀಸಾ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅಂತ ನಮೂದಾಗಿದ್ದರೆ ಎರಡೂ ಕಡೆ ಓಡಾಡಬಹುದು. ಇಲ್ಲದಿದ್ದರೆ ಉತ್ತರದ ಆಸೆ ಬಿಡಿ.

ತೀರ್ಥಹಳ್ಳಿ ಕಡೆಯವರು, ಡಿಂಗಲ್ ವೇ ನಡೆದವರು

ಕೆರಿ ಕೌಂಟಿಯ ಡಿಂಗಲ್ ಪರ್ಯಾಯದ್ವೀಪ. ನನ್ನ ಓಟು ಅದಕ್ಕೇ. ಡಿಂಗಲ್ ವೇ ಅಂದರೆ ಟ್ರಲೀ ಊರಿಂದ ಹೊರಟು ಅಲ್ಲಿಗೇ ಬಂದು ಸೇರೋ ಸುಮಾರು 180 ಕಿ.ಮೀ. ಸುತ್ತುದಾರಿ. ಪೂರ್ತಿ ನಡೀಬೇಕಂತಿಲ್ಲ. ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿಂದ ಟ್ರಲೀಗೆ ರೈಲಿದೆ, ಸಾಮಾನ್ಯವಾಗಿ ಮ್ಯಾಲೋದಲ್ಲಿ ಬದಲಿಸಬೇಕು. ಅಲ್ಲಿಂದ ಬಸ್ಸಲ್ಲಿ ಕ್ಯಾಂಪ್ ಅನ್ನೋ ಹಳ್ಳಿಗೆ ಹೋಗಿ, ನಡಿಗೆ ಅಲ್ಲಿಂದ ಶುರುಮಾಡಿ. ಮೊದಲ ದಿನ ಆನಸ್‌ಕಾಲ್‌ವರೆಗೆ 17 ಕಿ.ಮೀ. ಅಲ್ಲಿರೋ ಸೌತ್ ಪೋಲ್ ಇನ್ ಅನ್ನೋ ಪಬ್ಬನ್ನ ತೆರೆದವನು ಟಾಮ್ ಕ್ರೀನ್. ಸ್ಕಾಟ್ ಜೊತೆಗೂ ಶ್ಯಾಕಲ್ಟನ್ ಜೊತೆಗೂ ಅಂಟಾರ್ಕ್ಟಿಕಾಕ್ಕೆ ಹೋಗಿಬಂದು, ಕೊನೆಗೆ ಊರಲ್ಲಿ ಪಬ್ ಇಟ್ಕೊಂಡು ಕೂತ ಮನುಷ್ಯ. ಎದುರಿಗೇ ಅವನ ಪ್ರತಿಮೆ ಇದೆ.

ಮರುದಿನ ಡಿಂಗಲ್ ಪೇಟೆಗೆ 22 ಕಿ.ಮೀ., ನಿಮಗೆ ಜಾಸ್ತಿಯಾಗುತ್ತೆ. ಲಿಸ್ಪೋಲ್‌ನಲ್ಲಿ ಬಸ್ ಹತ್ತಿಬಿಡಿ, ಯಾರೂ ಲೆಕ್ಕ ಇಡಲ್ಲ. ಆಮೇಲಿನ ದಿನಗಳು ವೆಂಟ್ರಿ ಮರಳದಂಡೆ, ಸ್ಲೇ ಹೆಡ್, ಡನ್‌ಕ್ವಿನ್. ಎಡಗಡೆ ಉದ್ದಕ್ಕೂ ಅಟ್ಲಾಂಟಿಕ್. ಡನ್‌ಕ್ವಿನ್ ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ಕೊನೇ ಒಕ್ಕಲುಗಳನ್ನ 1953ರಲ್ಲಿ ದಡಕ್ಕೆ ಕರೆತಂದರು, ಈಗ ಉಳಿದಿರೋದು ಹೆಚ್ಚಾಗಿ ಸೂರಿಲ್ಲದ ಗೋಡೆಗಳು. ಅದರಾಚೆಗೆ ದಾರಿ 952 ಮೀಟರ್ ಎತ್ತರದ ಮೌಂಟ್ ಬ್ರಾಂಡನ್ನಿನ ಭುಜದ ಮೇಲೆ ಹತ್ತಿ ಇಳಿಯುತ್ತೆ. ಆ ಇಳಿತ ಕಡಿದು, ಕೆಸರು ಬೇರೆ. ನಿಮ್ಮನೆಯವರ ಮಂಡಿಗೆ ಬೇಡ.

ಮಲೆನಾಡಿನವರಿಗೆ ಅಲ್ಲಿ ಹೊಸದು ಕಮ್ಮಿ. ಬೇಲಿ ದಾಟೋ ಕಡೆಯಲ್ಲೆಲ್ಲ ತಡಮೆ, ಮರದ್ದು ಅಥವಾ ಕಲ್ಲಿಂದು. ಹಳದಿ ಬಣ್ಣದ ಪುಟ್ಟ ಮನುಷ್ಯನ ಗುರುತು ಇರೋ ಕಂಬ ನೋಡ್ಕೊಂಡು ಹೋದರಾಯ್ತು. ಒಂದು ನೆನಪಿಡಿ: ಎಷ್ಟೋ ಕಡೆ ದಾರಿ ಹೋಗೋದು ರೈತರ ಸ್ವಂತ ಹುಲ್ಲುಗಾವಲಿನ ಮೇಲೆ, ಅವರು ಒಪ್ಪಿ ಬಿಟ್ಟಿದ್ದಕ್ಕೆ. ಇಂಗ್ಲೆಂಡಿನ ಥರ ಊರಿಗೊಂದು ಕಾಲುದಾರಿ ಹಕ್ಕು ಅಲ್ಲಿಲ್ಲ. ತೆಗೆದ ಗೇಟು ಮುಚ್ಚಿ, ಕುರಿಗಳನ್ನ ಬೆದರಿಸಬೇಡಿ. ಹಾವಿಲ್ಲ, ಇಂಬಳ ಇಲ್ಲ. ರಕ್ತ ಹೀರೋ ಉಣ್ಣೆಹುಳ ಇದೆ, ರಾತ್ರಿ ಕಾಲು ನೋಡ್ಕೊಳ್ಳಿ. ಕಪ್ಪಗೆ ಮೆತ್ತಗೆ ಕಾಣೋ ಬಾಗ್ ಅನ್ನೋ ಜೌಗುನೆಲದ ಮೇಲೆ ಕಾಲಿಡುವ ಮುಂಚೆ ಕೋಲಲ್ಲಿ ಚುಚ್ಚಿ ನೋಡಿ. ನಾನು ನೋಡಲಿಲ್ಲ, ಮೊಣಕಾಲವರೆಗೆ ಇಳಿದೆ, ಕಾಲು ಬಂತು, ಶೂ ಬರಲಿಲ್ಲ. ಬಗ್ಗಿ ಭುಜದವರೆಗೆ ಕೈ ಹಾಕಿ ಹುಡುಕಿ ತೆಗೆದೆ. ದೂರದಲ್ಲಿ ಟ್ರ್ಯಾಕ್ಟರ್ ಮೇಲಿದ್ದವನು ಸ್ಟಿಯರಿಂಗ್ ಮೇಲಿಂದ ತೋರುಬೆರಳು ಒಂದನ್ನೇ ಎತ್ತಿ ಇಳಿಸಿದ. ಅಲ್ಲಿನ ನಮಸ್ಕಾರ ಅಷ್ಟೇ.

ಗ್ಯಾಲರಸ್ ಪ್ರಾರ್ಥನಾಮಂದಿರ ಬಿಡಬೇಡಿ. ಕವುಚಿ ಹಾಕಿದ ದೋಣಿ ಥರ ಕಲ್ಲಿನ ಕಟ್ಟಡ, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದು. ಪ್ರತಿ ಕಲ್ಲನ್ನೂ ಹೊರಗಡೆಗೆ ತುಸು ವಾಟ ಕೊಟ್ಟು ಕೂರಿಸಿದಾರೆ, ನೀರು ಒಳಗೆ ಬರೋದೇ ಇಲ್ಲ. ನಾನು ಹೋದಾಗ ಹೊರಗೆ ಜಡಿಮಳೆ. ಒಳಗೆ ಗೋಡೆ ಮುಟ್ಟಿ ನೋಡಿದೆ, ಒಣಕಲು. ನಮ್ಮ ಮನೆ ಹೆಂಚು ಈ ವರ್ಷವೂ ಸೋರಿದ್ದು ನೆನಪಾಯ್ತು.

ಇನ್ನೊಂದು ಮಾತು. ಡಿಂಗಲ್‌ನಿಂದ ಪಶ್ಚಿಮಕ್ಕೆ ಐರಿಷ್ ಭಾಷೆ ಇನ್ನೂ ಆಡುಮಾತು, ದಾರಿಫಲಕಗಳೆಲ್ಲ ಐರಿಷ್‌ನಲ್ಲಿ. ಡಿಂಗಲ್ ಜೊತೆಗೆ ‘ಡ್ಯಾಂಗನ್’ ಅನ್ನೋ ಅದರ ಐರಿಷ್ ಹೆಸರನ್ನೂ ನೆನಪಿಡಿ. ಡನ್‌ಕ್ವಿನ್ ದೋಣಿಕಟ್ಟೆ ಹತ್ರ ಇಬ್ಬರು ಮುದುಕರು ಆ ಭಾಷೆಯಲ್ಲಿ ಯಾವುದಕ್ಕೋ ಜಗಳ ಆಡ್ತಿದ್ದರು. ಕೇಳ್ತಾ ನಿಂತೆ. ಇಂಗ್ಲಿಷ್‌ನಲ್ಲಿ ಪದ್ಯ ಬರೀತಿದ್ದ ನಮ್ಮ ಕುವೆಂಪುಗೆ, ನಿಮ್ಮ ಭಾಷೆಯಲ್ಲಿ ಬರೀರಿ ಅಂತ ಮೈಸೂರಲ್ಲಿ ಹೇಳಿದ ಕವಿ ಜೇಮ್ಸ್ ಕಸಿನ್ಸ್ ಇದೇ ದ್ವೀಪದವನು, ಬೆಲ್‌ಫಾಸ್ಟಿನಲ್ಲಿ ಹುಟ್ಟಿದವನು. ಅವನು ಬರೀತಿದ್ದದ್ದು ಇಂಗ್ಲಿಷ್‌ನಲ್ಲೇ. ಊರಿನ ಭಾಷೆ ಕೈಬಿಟ್ಟರೆ ಏನಾಗುತ್ತೆ ಅನ್ನೋದನ್ನ ಕಂಡಿದ್ದವನ ಮಾತು ಅದು ಅಂತ ನನಗೆ ಅರ್ಥ ಆಗಿದ್ದು ಆ ಕಟ್ಟೆ ಮೇಲೆ.

ಗಾಲ್ವೇಯಲ್ಲಿ ಕೆಲಸ ಮಾಡೋ ಸಾಫ್ಟ್‌ವೇರ್ ಹುಡುಗ

ಸಂಗೀತದ ಬಗ್ಗೆ ನಾನು ಹೇಳ್ತೀನಿ. ಸಂಜೆ ಪಬ್ಬಿನ ಮೂಲೆಯಲ್ಲಿ ಕೂತು ಊರವರೇ ನುಡಿಸೋದಕ್ಕೆ ಸೆಷನ್ ಅಂತಾರೆ. ಪಿಟೀಲು, ಟಿನ್ ವಿಸಲ್, ಕಾನ್ಸರ್ಟಿನಾ, ಬೌರಾನ್ ಅನ್ನೋ ಚರ್ಮದ ವಾದ್ಯ, ಅದೃಷ್ಟ ಇದ್ದರೆ ಇಲ್ಲನ್ ಪೈಪ್. ಅದು ಕಚೇರಿ ಅಲ್ಲ, ವೇದಿಕೆ ಇರಲ್ಲ. ಮೂಲೆ ಕುರ್ಚಿ ಖಾಲಿ ಇದೆ ಅಂತ ಹೋಗಿ ಕೂರಬೇಡಿ, ಅದು ಅವರದ್ದು. ‘ಆ ಹಾಡು ನುಡಿಸಿ’ ಅಂತ ಕೇಳಬೇಡಿ. ಮುಖದ ಮುಂದೆ ಫೋನ್ ಹಿಡೀಬೇಡಿ. ಕುಡಿಯಲ್ಲ ಅಂದರೆ ಟೀ ಕೇಳಿ, ಎಷ್ಟೋ ಕಡೆ ಕೊಡ್ತಾರೆ, ಯಾರೂ ವಿಚಿತ್ರವಾಗಿ ನೋಡಲ್ಲ.

ಒಂದು ರಾತ್ರಿ ಕ್ಲೇರ್ ಕೌಂಟಿಯ ಡೂಲಿನ್ ಅನ್ನೋ ಹಳ್ಳಿಯಲ್ಲಿ ವಾದ್ಯಗಳು ನಿಂತು, ಬಾರ್ ಹತ್ರ ನಿಂತಿದ್ದ ಹೆಂಗಸೊಬ್ಬರು ಕಣ್ಣು ಮುಚ್ಚಿ ಹಾಡೋಕೆ ಶುರುಮಾಡಿದರು. ಪಕ್ಕವಾದ್ಯ ಇಲ್ಲ, ತಾಳ ಇಲ್ಲ. ಶಾನ್ ನೋಸ್ ಅಂತಾರೆ, ಹಳೇ ಪದ್ಧತಿ ಅಂತ ಅರ್ಥ. ಬಾರ್‌ನವನು ಲೋಟ ತೊಳೆಯೋದು ನಿಲ್ಲಿಸಿ ನಲ್ಲಿ ಬಂದ್ ಮಾಡಿದ. ಅರ್ಥ ಒಂದು ಪದವೂ ಆಗಲಿಲ್ಲ.

ಅಲ್ಲೇ ಹತ್ತಿರ ಸಮುದ್ರದ ಅಂಚಿನಲ್ಲಿರೋ ಮೊಹರ್ ಕಡಿಬಂಡೆಗಳನ್ನ ನೋಡಲೇಬೇಕು ಅಂದರೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ನಡುವೆ ಕೋಚ್ ಬಸ್ಸುಗಳ ಜಾತ್ರೆ. ಅಂಚಿನ ಕಾಲುದಾರಿಯಲ್ಲಿ ಕೆಲವು ಭಾಗ ಮುಚ್ಚಿದ್ದರು, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೊರಡಿ. 214 ಮೀಟರ್ ಕೆಳಗೆ ಸಮುದ್ರ, ಗಾಳಿ ತಮಾಷೆ ಅಲ್ಲ.

ಮಗನ ಮನೆಗೆ ಎರಡು ಸಲ ಹೋಗಿಬಂದ ಗೃಹಿಣಿ

ಊಟದ ಚಿಂತೆ ಬೇಡ ಕಣ್ರೀ, ಆದರೆ ಹುಷಾರಾಗಿರಿ. ತಂಗೋಕೆ ರೂಮು, ಬೆಳಗಿನ ತಿಂಡಿ ಎರಡೂ ಕೊಡೋ ಬಿ ಆಂಡ್ ಬಿ ಮನೆಗಳಲ್ಲಿ ಬೆಳಗ್ಗೆ ತಟ್ಟೆ ತುಂಬ ಬಡಿಸ್ತಾರೆ. ಬ್ಲ್ಯಾಕ್ ಪುಡಿಂಗ್ ಅಂದರೆ ಸಿಹಿ ಅಂದ್ಕೊಂಡೀರಿ, ಅದು ರಕ್ತ ಹಾಕಿ ಮಾಡಿದ್ದು. ವೈಟ್ ಪುಡಿಂಗೂ ಹಂದಿಮಾಂಸ. ರೂಮ್ ಗೊತ್ತುಮಾಡುವಾಗಲೇ ಹೇಳಿಟ್ಟರೆ ಮೊಟ್ಟೆ, ಅಣಬೆ, ಟೊಮೆಟೊ ಕೊಡ್ತಾರೆ. ತರಕಾರಿ ಸೂಪ್ ಎಲ್ಲ ಕಡೆ ಸಿಗುತ್ತೆ, ಕೋಳಿ ಬೇಯಿಸಿದ ನೀರು (ಸ್ಟಾಕ್) ಹಾಕಿದ್ದೀರಾ ಅಂತ ಕೇಳಿ. ಜೊತೆಗೆ ಕೊಡೋ ಬ್ರೌನ್ ಸೋಡಾ ಬ್ರೆಡ್ಡು, ಉಪ್ಪುಬೆಣ್ಣೆ ಇದ್ಯಲ್ಲ, ಅದೊಂದಕ್ಕೇ ಇನ್ನೊಂದು ಸಲ ಹೋಗಬಹುದು.

ತುಪ್ಪ, ಪೇಡ ತಗೊಂಡು ಹೋಗಬೇಡಿ. ಹೊರಗಿಂದ ಹಾಲಿನ ಪದಾರ್ಥ ಬಿಡಲ್ಲ. ಮೊದಲ ಸಲ ನನ್ನ ಒಂದು ಕೆಜಿ ತುಪ್ಪ ಏರ್‌ಪೋರ್ಟ್ ಕಸದಬುಟ್ಟಿ ಸೇರಿತು. ಚಟ್ನಿಪುಡಿ ಒಯ್ಯಿರಿ. ಅಲ್ಲಿ ದಿನಾ ಆಲೂಗಡ್ಡೆ.

ಮೇಯೋ ಕೌಂಟಿಯಲ್ಲಿ ನಡೆದವರು

ಎಲ್ಲರೂ ಕೆರಿ ಕೆರಿ ಅಂತೀರಿ. ಮಂಡಿ ನೋವಿಗೆ ವೆಸ್ಟ್‌ಪೋರ್ಟ್ ವಾಸಿ. ಅಲ್ಲಿಂದ ಅಕಿಲ್ ದ್ವೀಪದವರೆಗೆ ನಲವತ್ತಕ್ಕೂ ಹೆಚ್ಚು ಕಿ.ಮೀ. ಗ್ರೀನ್‌ವೇ, ಅಂದರೆ ನಡೆಯೋರಿಗೂ ಸೈಕಲ್‌ನವರಿಗೂ ಮಾಡಿದ ದಾರಿ. 1937ರಲ್ಲಿ ನಿಂತುಹೋದ ರೈಲುದಾರಿ ಅದು, ಏರಿಳಿತ ಕಮ್ಮಿ. ನ್ಯೂಪೋರ್ಟ್‌ನಿಂದ ಮಲ್ರ್ಯಾನಿ ತನಕದ 18 ಕಿ.ಮೀ. ಚೆಂದ. ಹತ್ತಿರದ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನ ಕೆಳಗಿಂದಲೇ ಕೈಮುಗಿದು ಬಿಟ್ಟುಬಿಡಿ. 764 ಮೀಟರ್ ಅಷ್ಟೇ, ಆದರೆ ನಾನು ಹೋದಾಗ ತುದಿಯ ಹತ್ತಿರ ಪೂರ್ತಿ ಸಡಿಲ ಜಲ್ಲಿ ಇತ್ತು. ಜುಲೈ ಕೊನೇ ಭಾನುವಾರ ಅದನ್ನ ಬರಿಗಾಲಲ್ಲಿ ಹತ್ತೋ ಭಕ್ತರಿದ್ದಾರೆ. ನಾನು ಬೂಟು ಹಾಕ್ಕೊಂಡು ಕೂತುಕೊಂಡೇ ಇಳಿದೆ.

ಹಾಂ, ಭಾನುವಾರ ಹಳ್ಳಿ ಬಸ್ಸು ತೀರಾ ಕಮ್ಮಿ. ಅವತ್ತಿಗೆ ಊರು ಬದಲಿಸೋ ಯೋಜನೆ ಇಟ್ಕೋಬೇಡಿ.

ಕೇಳಿದವರು, ಅಕ್ಟೋಬರ್‌ನಲ್ಲಿ

ಹೋಗಿಬಂದ್ವಿ. ಡಿಂಗಲ್ಲೇ ಆರಿಸಿಕೊಂಡ್ವಿ, ಮೇಯೋದವರು ಬೇಜಾರು ಮಾಡ್ಕೋಬೇಡಿ. ಐದು ದಿನ ನಡೆದ್ವಿ, ಮೂರು ದಿನ ಮಳೆ. ಅಲ್ಲಿಯವರಿಗೆ ಅದು ಮಳೆಯೇ ಅಲ್ಲ, ‘ಸಾಫ್ಟ್ ಡೇ’ ಅಂತಾರೆ. ಬ್ಯಾಗುಗಳನ್ನ ಒಂದು ಮನೆಯಿಂದ ಇನ್ನೊಂದಕ್ಕೆ ವ್ಯಾನಿನವರು ತಲುಪಿಸಿದರು, ಮಂಡಿ ಬಚಾವಾಯ್ತು. ಬೇಲಿಸಾಲಲ್ಲೆಲ್ಲ ಕೆಂಪು ಫ್ಯೂಷಿಯಾ ಜೋತಾಡ್ತಿತ್ತು. ಐರಿಷ್‌ನಲ್ಲಿ ಅದಕ್ಕೆ ದೇವರ ಕಣ್ಣೀರು ಅಂತಾರಂತೆ.

ಡನ್‌ಕ್ವಿನ್ ಹತ್ತಿರದ ಮನೆಯಲ್ಲಿ ಬೇಯಿಸಿದ ಆಲೂಗಡ್ಡೆ ಮೇಲೆ ನಾನು ಚಟ್ನಿಪುಡಿ ಉದುರಿಸ್ಕೊಳ್ಳೋದನ್ನ ಮನೆಯಾಕೆ ನೋಡ್ತಾನೇ ಇದ್ದರು. ಚೂರು ಕೊಟ್ಟೆ. ಮೂಗು ಸೊರಗುಟ್ಟಿಸಿ, ನೀರು ಕುಡಿದು, ಗಂಡನ್ನ ಕೂಗಿ ಕರೆದು ಅವರ ತಟ್ಟೆಗೂ ಹಾಕಿದರು. ಬೆಳಗ್ಗೆ ಹೊರಡುವಾಗ ಡಬ್ಬಿ ಅಲ್ಲೇ ಬಿಟ್ಟು ಬಂದೆ. ಬದಲಿಗೆ ಬಿಸಿ ಸೋಡಾ ಬ್ರೆಡ್ಡನ್ನ ಟವೆಲ್‌ನಲ್ಲಿ ಸುತ್ತಿ ಕೊಟ್ಟರು, ಟವೆಲ್ ಇನ್ನೂ ನಮ್ಮನೆಯಲ್ಲೇ ಇದೆ.